ಸದನದಲ್ಲಿ ಪ್ರಶ್ನೆ ಕೇಳಿಸುವುದು: ಹಾಸನ, ಚಿಕ್ಕಮಗಳೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾಡಾನೆ, ಕಾಫಿ ಸಾಲ, ಘಾಟಿ ರಸ್ತೆ, ಕೆರೆಗೆ ನೀರು ಎಂದು ಮನವಿ ಹಿಡಿದು ಓಡಾಡುವ ಬೆಳೆಗಾರರು, ಪಂಚಾಯಿತಿ ಸದಸ್ಯರು, ಕಾಲೇಜು ವಿದ್ಯಾರ್ಥಿಗಳು ಮಾತಿನಲ್ಲೂ ಪತ್ರದಲ್ಲೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ಸುಲಭದವು ಮೊದಲು, ಗಂಟು ಬಿದ್ದವು ಆಮೇಲೆ.

## ಮೊದಲು ತಿಳಿಯಬೇಕಾದ್ದು

ನಮ್ಮ ಎಂಎಲ್‌ಎ ಎದ್ದು ನಿಂತು ಮಾತಾಡಿದ್ದು ಟಿವಿಯಲ್ಲಿ ಕಾಣಲೇ ಇಲ್ಲ. ಆದರೂ ಪ್ರಶ್ನೆ ಕೇಳಿದ್ದಾರೆ ಅಂತಾರಲ್ಲ, ಹೇಗೆ?

ಪ್ರಶ್ನೆಯಲ್ಲಿ ಮುಖ್ಯವಾಗಿ ಎರಡು ಬಗೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಬಾಯಿಮಾತಿನಲ್ಲಿ ಉತ್ತರಿಸಬೇಕು, ಅದರ ಬೆನ್ನಿಗೆ ಸದಸ್ಯರು ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ ಮಾತ್ರ. ಅದನ್ನು ಸದನದ ಮೇಜಿನ ಮೇಲಿಟ್ಟರೆ ಮುಗಿಯಿತು, ಯಾರೂ ಏಳಬೇಕಿಲ್ಲ. ನಿಮ್ಮ ಶಾಸಕರದ್ದು ಎರಡನೆಯ ಬಗೆಯದಿರಬಹುದು. ಮೊದಲ ಬಗೆಯದಾಗಿದ್ದು ಸರದಿ ಬರುವ ಮೊದಲೇ ಸಮಯ ಮುಗಿದಿದ್ದರೂ ಹೀಗೇ ಆಗುತ್ತದೆ. ಆಗ ಅದರ ಉತ್ತರವನ್ನೂ ಲಿಖಿತವಾಗಿಯೇ ಮಂಡಿಸುತ್ತಾರೆ.

ಇವಲ್ಲದೆ ತುರ್ತು ವಿಷಯಕ್ಕೆ ಅಲ್ಪಾವಧಿ ಸೂಚನೆಯ ಪ್ರಶ್ನೆ ಎಂಬುದೊಂದಿದೆ. ಉತ್ತರಿಸಲು ಸಚಿವರು ಒಪ್ಪಿದರಷ್ಟೇ ಅದಕ್ಕೆ ಜೀವ, ಹಾಗಾಗಿ ಅಪರೂಪ.

ಚುಕ್ಕೆ ಇದ್ದರೆ ದೊಡ್ಡ ಪ್ರಶ್ನೆ, ಇಲ್ಲದಿದ್ದರೆ ಸಣ್ಣದು ಅಂತಲಾ?

ಜನ ಹಾಗಂದುಕೊಂಡಿದ್ದಾರೆ, ಶಾಸಕರಲ್ಲೂ ಕೆಲವರು ಹಾಗೇ ಅಂದುಕೊಂಡಿದ್ದಾರೆ. ಕೆಲಸದ ಲೆಕ್ಕ ಬೇರೆ. ಮೂರು ವರ್ಷದ, ತಾಲ್ಲೂಕುವಾರು ಅಂಕಿಅಂಶ ಬೇಕಿದ್ದರೆ ಚುಕ್ಕೆ ಗುರುತಿಲ್ಲದ ಪ್ರಶ್ನೆಯೇ ವಾಸಿ: ಉತ್ತರ ಅನುಬಂಧದೊಂದಿಗೆ ಬರುತ್ತದೆ, ಕಾಗದದ ಮೇಲೆ ಉಳಿಯುತ್ತದೆ. ಅಂಕಿಅಂಶ ಆಗಲೇ ಕೈಯಲ್ಲಿದ್ದು, "ಯಾಕೆ ಮಾಡಲಿಲ್ಲ, ಯಾವಾಗ ಮಾಡ್ತೀರಿ" ಎಂದು ಸಚಿವರ ಬಾಯಿಂದಲೇ ಹೇಳಿಸಬೇಕಿದ್ದರೆ ಚುಕ್ಕೆ ಗುರುತಿನದು ಬೇಕು. ಜಾಣ ಸದಸ್ಯರು ಒಂದು ಅಧಿವೇಶನದಲ್ಲಿ ಲಿಖಿತ ಉತ್ತರ ಪಡೆದು, ಮುಂದಿನ ಅಧಿವೇಶನದಲ್ಲಿ ಅದನ್ನೇ ಕೈಯಲ್ಲಿ ಹಿಡಿದು ಚುಕ್ಕೆ ಗುರುತಿನ ಪ್ರಶ್ನೆ ಹಾಕುತ್ತಾರೆ.

ದಿನಕ್ಕೆ ಎಷ್ಟು ಪ್ರಶ್ನೆಗೆ ಅವಕಾಶ?

ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನವು, 230 ಚುಕ್ಕೆ ಗುರುತಿಲ್ಲದವು. ರಾಜ್ಯಸಭೆಯಲ್ಲಿ 15 ಮತ್ತು 160. ಲೋಕಸಭೆಯ ಪ್ರಶ್ನೋತ್ತರ ವೇಳೆ ಬೆಳಿಗ್ಗೆ 11ರಿಂದ 12, ರಾಜ್ಯಸಭೆಯದು ಮಧ್ಯಾಹ್ನ 12ರಿಂದ 1. ಲೋಕಸಭೆಯ ಒಬ್ಬ ಸದಸ್ಯರು ಒಂದು ದಿನಕ್ಕೆ ಒಟ್ಟು 5 ಸೂಚನೆ (ಪ್ರಶ್ನೆ ಕೇಳುತ್ತೇನೆಂಬ ಲಿಖಿತ ನೋಟಿಸ್) ಕೊಡಬಹುದು, ಅದರಲ್ಲಿ ಚುಕ್ಕೆ ಗುರುತಿನದು ಒಂದಕ್ಕಷ್ಟೇ ಅವಕಾಶ. ಸೂಚನೆಗಳು ಹೆಚ್ಚಿರುವುದರಿಂದ ಲಾಟರಿ ಎತ್ತಿ ಸರದಿ ಗೊತ್ತು ಮಾಡುತ್ತಾರೆ. ಪಟ್ಟಿಯ 20ರಲ್ಲಿ ಬಾಯಿಮಾತಿನ ಉತ್ತರ ಸಿಗುವುದು ಸಾಮಾನ್ಯವಾಗಿ ಮೊದಲ ಐದಾರಕ್ಕೆ. ಗದ್ದಲವಾದ ದಿನ ಅದೂ ಇಲ್ಲ. ನಮ್ಮ ವಿಧಾನಸಭೆಯಲ್ಲಿ ಚುಕ್ಕೆ ಗುರುತಿನವು ಸಾಮಾನ್ಯವಾಗಿ ದಿನಕ್ಕೆ 15.

ಸದನದ ಬಾವಿಗಿಳಿದು ಗಲಾಟೆ ಮಾಡಿದರೆ ಸರ್ಕಾರಕ್ಕೆ ಮುಜುಗರ ಎಂಬುದು ಅರ್ಧ ಸತ್ಯ. ಪ್ರಶ್ನೋತ್ತರ ವೇಳೆ ಕೊಚ್ಚಿಹೋದರೆ ಹೆಚ್ಚು ನೆಮ್ಮದಿ ಆ ದಿನ ಉತ್ತರಿಸಬೇಕಿದ್ದ ಸಚಿವರಿಗೇ.

ಶೂನ್ಯವೇಳೆಯಲ್ಲಿ ವಿಷಯ ಎತ್ತಿದರೆ ಸಾಲದಾ?

ಸುದ್ದಿಯಾಗಲು ಸಾಕು. ಶೂನ್ಯವೇಳೆ ಎಂದರೆ ಸದಸ್ಯರು ತುರ್ತು ವಿಷಯ ಎತ್ತುವ ಸಮಯ, ಅಲ್ಲಿನ ಮಾತಿಗೆ ಸರ್ಕಾರ ಅಲ್ಲೇ ಉತ್ತರ ಕೊಡಲೇಬೇಕೆಂಬ ಕಟ್ಟುಪಾಡಿಲ್ಲ. ಪ್ರಶ್ನೆ ಅಂಗೀಕಾರವಾದರೆ ಮಾತ್ರ ದಿನಾಂಕ ಗೊತ್ತಾಗುತ್ತದೆ, ಆ ದಿನ ಉತ್ತರ ಬರಬೇಕು. ಮೊನ್ನೆಯಷ್ಟೇ ಆದ ಅನಾಹುತಕ್ಕೆ ಶೂನ್ಯವೇಳೆ ಅಥವಾ ಗಮನ ಸೆಳೆಯುವ ಸೂಚನೆ ಸರಿ. ವರ್ಷಗಳಿಂದ ಕೊಳೆಯುತ್ತಿರುವ ಕಡತಕ್ಕೆ ಪ್ರಶ್ನೆಯೇ ಸರಿ.

## ಯಾರನ್ನು ಹಿಡಿಯಬೇಕು

ಕಾಡಾನೆ ವಿಷಯವನ್ನ ಎಂಪಿ ಕೇಳಬೇಕಾ, ಎಂಎಲ್‌ಎ ಕೇಳಬೇಕಾ? ಕಾಫಿದು? ರಸ್ತೆದು?

ಹೆಚ್ಚಿನ ಮನವಿಗಳು ದಾರಿ ತಪ್ಪುವುದು ಇಲ್ಲೇ. ರಾಜ್ಯದ ಇಲಾಖೆ ಮಾಡಬೇಕಾದ ಕೆಲಸವನ್ನು ಸಂಸತ್ತಿನಲ್ಲಿ ಕೇಳಿದರೆ ಸೂಚನೆ ಬಿದ್ದುಹೋಗುತ್ತದೆ, ಇಲ್ಲವೇ "ಇದು ರಾಜ್ಯಕ್ಕೆ ಸೇರಿದ ವಿಷಯ" ಎಂಬ ಒಂದು ಸಾಲಿನ ಉತ್ತರ ಬರುತ್ತದೆ. ವಿಧಾನಸಭೆಯಲ್ಲಿ ಕಾಫಿ ಮಂಡಳಿಯನ್ನು ಕೇಳಿದರೂ ಅದೇ ಗತಿ.

ಅರಣ್ಯ ಮತ್ತು ವನ್ಯಜೀವಿ ಸಂರಕ್ಷಣೆ 1976ರ 42ನೇ ತಿದ್ದುಪಡಿಯಿಂದ ಸಮವರ್ತಿ ಪಟ್ಟಿಯಲ್ಲಿವೆ, ಆದ್ದರಿಂದ ಆನೆ ಎರಡೂ ಕಡೆ ಓಡಾಡಬಲ್ಲದು. ಬೆಳೆ ನಷ್ಟದ ಪರಿಹಾರ, ಸೋಲಾರ್ ಬೇಲಿ, ಕಂದಕ, ರೈಲ್ವೆ ಹಳಿಯ ಬೇಲಿ, ಆನೆ ಹಿಡಿಯುವ ಕಾರ್ಯಾಚರಣೆ ಎಲ್ಲಾ ರಾಜ್ಯ ಅರಣ್ಯ ಇಲಾಖೆಯವು. ಸಕಲೇಶಪುರ, ಬೇಲೂರು, ಮೂಡಿಗೆರೆ ಶಾಸಕರು ಕೇಳಬೇಕು. ಆನೆ ರಕ್ಷಣೆಯ ಯೋಜನೆಯಡಿ ಕೇಂದ್ರದಿಂದ ಬಂದ ಹಣ, ರಾಜ್ಯ ಕಳಿಸಿದ ಪ್ರಸ್ತಾವದ ಗತಿ ಏನು ಎಂಬುದನ್ನು ಸಂಸದರು ಕೇಂದ್ರ ಪರಿಸರ ಸಚಿವಾಲಯಕ್ಕೆ ಕೇಳಬೇಕು. ಎರಡು ಉತ್ತರವನ್ನೂ ಪಕ್ಕಪಕ್ಕ ಇಟ್ಟರೆ "ಕೇಂದ್ರ ಕೊಟ್ಟಿಲ್ಲ", "ರಾಜ್ಯ ಕೇಳಿಲ್ಲ" ಎಂಬ ಹಳೇ ಜಗಳದಲ್ಲಿ ಯಾರದ್ದು ಸುಳ್ಳು ಎಂದು ತಿಳಿಯುತ್ತದೆ.

ಕಾಫಿ ಮಂಡಳಿ ಕೇಂದ್ರ ವಾಣಿಜ್ಯ ಮತ್ತು ಕೈಗಾರಿಕೆ ಸಚಿವಾಲಯದ ಕೆಳಗಿದೆ. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರವೂ ಅದರದ್ದೇ. ಕಾಳುಮೆಣಸಿನ ಆಮದು ಕೂಡ ವಾಣಿಜ್ಯ ಸಚಿವಾಲಯಕ್ಕೇ ಹೋಗಬೇಕು. ಆದರೆ ಸಾಲ ತೀರದಿದ್ದರೆ ಬ್ಯಾಂಕು ಬೆಳೆಗಾರರ ತೋಟ ಹರಾಜು ಹಾಕಲು ಬಳಸುವ ಸರ್ಫೇಸಿ ಕಾಯ್ದೆಯ ಪ್ರಶ್ನೆ ಹಣಕಾಸು ಸಚಿವಾಲಯದ್ದು. ಕಾಫಿ ಎಂಬ ಪದ ಇದೆಯೆಂದು ಅದನ್ನೂ ವಾಣಿಜ್ಯಕ್ಕೆ ಕಳಿಸಿದರೆ ಇಲಾಖೆ ಬದಲಾಗುವಷ್ಟರಲ್ಲಿ ಸರದಿ ತಪ್ಪುತ್ತದೆ.

ಶಿರಾಡಿ ಘಾಟಿ ರಾಷ್ಟ್ರೀಯ ಹೆದ್ದಾರಿ 75, ಚಾರ್ಮಾಡಿ 73. ಎರಡೂ ಕೇಂದ್ರ ಹೆದ್ದಾರಿ ಸಚಿವಾಲಯಕ್ಕೆ. ಎತ್ತಿನಹೊಳೆಯ ಕಾಮಗಾರಿ, ಭೂಸ್ವಾಧೀನ ರಾಜ್ಯ ಜಲಸಂಪನ್ಮೂಲ ಇಲಾಖೆಗೆ. ಭದ್ರಾ ಮೇಲ್ದಂಡೆ ಎರಡಕ್ಕೂ: ಕಾಲುವೆ, ಕೆರೆ ತುಂಬಿಸುವುದು ರಾಜ್ಯದ್ದು, 2023-24ರ ಕೇಂದ್ರ ಬಜೆಟ್‌ನಲ್ಲಿ ಘೋಷಿಸಿದ 5,300 ಕೋಟಿ ರೂಪಾಯಿ ಎಲ್ಲಿಗೆ ಬಂತು ಎಂಬುದು ಕೇಂದ್ರದ್ದು.

ಕಡೂರು ಚಿಕ್ಕಮಗಳೂರು ಜಿಲ್ಲೆ. ಆದರೆ ಎಂಪಿ ಹಾಸನದವರು. ಯಾರ ಹತ್ರ ಹೋಗೋಣ?

ಹಾಸನದ ಸಂಸದರ ಹತ್ತಿರವೇ. ಹಾಸನ ಜಿಲ್ಲೆಯ ಏಳು ವಿಧಾನಸಭಾ ಕ್ಷೇತ್ರಗಳ ಜೊತೆ ಕಡೂರು ಸೇರಿ ಹಾಸನ ಲೋಕಸಭಾ ಕ್ಷೇತ್ರ. ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆ ನಾಲ್ಕೂ ಉಡುಪಿ-ಚಿಕ್ಕಮಗಳೂರು ಕ್ಷೇತ್ರದಲ್ಲಿವೆ. ಇದು ಮತದ ಲೆಕ್ಕವಾಯಿತು. ಪ್ರಶ್ನೆ ಕೇಳಲು ಕ್ಷೇತ್ರದ ಗಡಿಯಿಲ್ಲ. ಬೀದರಿನ ಸಂಸದರೂ ಮೂಡಿಗೆರೆಯ ಬಗ್ಗೆ ಕೇಳಬಹುದು.

ನಮ್ಮ ಎಂಎಲ್‌ಎ ಮಂತ್ರಿಯಾಗಿಬಿಟ್ಟರು. ಈಗ ಯಾರು ಕೇಳ್ತಾರೆ?

ಮಂತ್ರಿಗಳು ಉತ್ತರ ಕೊಡುವ ಕಡೆಯವರು, ಪ್ರಶ್ನೆ ಹಾಕುವಂತಿಲ್ಲ. ಪಕ್ಕದ ಕ್ಷೇತ್ರದ ಶಾಸಕರು ಅಥವಾ ವಿಧಾನ ಪರಿಷತ್ ಸದಸ್ಯರನ್ನು ಹಿಡಿಯಬೇಕು. ಪರಿಷತ್ತಿಗೆ ಹಾಸನ ಜಿಲ್ಲೆ ದಕ್ಷಿಣ ಪದವೀಧರ ಮತ್ತು ಶಿಕ್ಷಕರ ಕ್ಷೇತ್ರಗಳಲ್ಲಿದೆ, ಚಿಕ್ಕಮಗಳೂರು ನೈರುತ್ಯ ಕ್ಷೇತ್ರಗಳಲ್ಲಿ. ಸ್ಥಳೀಯ ಸಂಸ್ಥೆಗಳಿಂದ ಆಯ್ಕೆಯಾದವರೂ ಇರುತ್ತಾರೆ. ಗ್ರಾಮ ಪಂಚಾಯಿತಿ ಸದಸ್ಯರು ಇವರಿಗೆ ನೇರ ಮತದಾರರು, ಆ ಸಲಿಗೆಯನ್ನು ಬಳಸಿಕೊಳ್ಳಬಹುದು. ಶಾಲೆ, ಕಾಲೇಜು, ನೇಮಕಾತಿ ವಿಷಯಕ್ಕಂತೂ ಪರಿಷತ್ತೇ ಒಳ್ಳೆಯ ಜಾಗ.

ಆಡಳಿತ ಪಕ್ಷದ ಸದಸ್ಯರು ಪ್ರಶ್ನೆ ಹಾಕುವುದಿಲ್ಲ ಎಂದೇನೂ ಇಲ್ಲ, ಧಾರಾಳವಾಗಿ ಹಾಕುತ್ತಾರೆ. ಚುಚ್ಚುವ ಉಪಪ್ರಶ್ನೆ ಮಾತ್ರ ಅವರಿಂದ ನಿರೀಕ್ಷಿಸಬೇಡಿ.

## ಪ್ರಶ್ನೆ ಬರೆಯುವುದು

ಮನವಿಪತ್ರ ಕೊಟ್ಟು ಕೊಟ್ಟು ಸಾಕಾಯ್ತು. ಪ್ರಶ್ನೆಯನ್ನೇ ಬರೆದುಕೊಟ್ಟರೆ ತಗೋತಾರಾ?

ತಗೋತಾರೆ, ಖುಷಿಯಿಂದಲೇ ತಗೋತಾರೆ, ಸರಿಯಾಗಿ ಬರೆದಿದ್ದರೆ. ಸಹಿ ಹಾಕಿ ಕಳಿಸುವಷ್ಟು ಸಿದ್ಧವಾಗಿದ್ದರೆ ಅವರ ಆಪ್ತ ಸಹಾಯಕರ ಅರ್ಧ ಕೆಲಸ ಮುಗಿದಂತೆ. ನಮಗೆ ಸಿಗುವ ಕರಡುಗಳು ಹೆಚ್ಚಾಗಿ ಹೀಗಿರುತ್ತವೆ: "ಮಲೆನಾಡಿನಲ್ಲಿ ಕಾಡಾನೆ ಹಾವಳಿ ಮಿತಿಮೀರಿ ರೈತರು ಕಂಗಾಲಾಗಿದ್ದರೂ ಸರ್ಕಾರ ಏಕೆ ನಿದ್ರಿಸುತ್ತಿದೆ?" ಸಂಕಟ ನಿಜ, ಪ್ರಶ್ನೆ ನಿಲ್ಲುವುದಿಲ್ಲ. ಇದಕ್ಕೆ ಬರುವ ಉತ್ತರ: "ಸರ್ಕಾರವು ಅಗತ್ಯ ಕ್ರಮಗಳನ್ನು ಕೈಗೊಂಡಿದೆ."

ಅದೇ ವಿಷಯವನ್ನು ಹೀಗೆ ಬರೆಯಿರಿ:

ಅ) ಹಾಸನ ಅರಣ್ಯ ವಿಭಾಗದ ಸಕಲೇಶಪುರ, ಆಲೂರು, ಬೇಲೂರು ತಾಲ್ಲೂಕುಗಳಲ್ಲಿ 2022-23ರಿಂದ 2024-25ರವರೆಗೆ ಕಾಡಾನೆಯಿಂದ ಬೆಳೆ ನಷ್ಟವಾದ ಬಗ್ಗೆ ಸ್ವೀಕೃತವಾದ ಅರ್ಜಿಗಳ ಸಂಖ್ಯೆ ಎಷ್ಟು? (ವರ್ಷವಾರು, ತಾಲ್ಲೂಕುವಾರು ವಿವರ ನೀಡುವುದು)

ಆ) ಅವುಗಳಲ್ಲಿ ಪರಿಹಾರ ಪಾವತಿಯಾದ, ತಿರಸ್ಕೃತವಾದ ಹಾಗೂ ಬಾಕಿ ಉಳಿದ ಅರ್ಜಿಗಳು ಎಷ್ಟು, ತಿರಸ್ಕರಿಸಲು ಕಾರಣಗಳೇನು?

ಇ) 90 ದಿನ ಮೀರಿ ಬಾಕಿ ಇರುವ ಅರ್ಜಿಗಳು ಎಷ್ಟು, ಯಾವ ಕಚೇರಿಯ ಹಂತದಲ್ಲಿ ಬಾಕಿ ಇವೆ?

ಈ) ಇದೇ ಅವಧಿಯಲ್ಲಿ ರೈಲ್ವೆ ಹಳಿ ಬೇಲಿಗೆ ಮಂಜೂರಾದ ಉದ್ದ ಮತ್ತು ಮೊತ್ತ, ಪೂರ್ಣಗೊಂಡ ಉದ್ದ ಮತ್ತು ವೆಚ್ಚ ಎಷ್ಟು, ಬಾಕಿ ಕಾಮಗಾರಿಯನ್ನು ಯಾವ ಕಾಲಮಿತಿಯೊಳಗೆ ಪೂರ್ಣಗೊಳಿಸಲಾಗುವುದು?

ಗುಟ್ಟು ಇರುವುದು ಆ)ದಲ್ಲಿ. ಪಾವತಿಯಾದದ್ದು, ತಿರಸ್ಕೃತವಾದದ್ದು, ಬಾಕಿ ಉಳಿದದ್ದು ಮೂರನ್ನೂ ಕೂಡಿದರೆ ಅ)ದಲ್ಲಿ ಹೇಳಿದ ಸ್ವೀಕೃತ ಅರ್ಜಿಗಳ ಲೆಕ್ಕಕ್ಕೆ ಸಮನಾಗಬೇಕು. ಆಗದಿದ್ದರೆ ಮುಂದಿನ ಪ್ರಶ್ನೆ ತಾನಾಗಿಯೇ ಸಿಕ್ಕಿತು. ಎಲ್ಲಿ, ಯಾವಾಗಿನಿಂದ ಯಾವಾಗಿನವರೆಗೆ, ಎಷ್ಟು, ಯಾರ ಹಂತದಲ್ಲಿ, ಯಾವಾಗ ಮುಗಿಯುತ್ತದೆ ಇವಿಷ್ಟಕ್ಕೂ ಜಾಗ ಇರಲಿ. "ಇತ್ತೀಚಿನ ವರ್ಷಗಳಲ್ಲಿ", "ಮಲೆನಾಡು ಭಾಗದಲ್ಲಿ" ಎಂಬ ಪದಗಳನ್ನು ಹೊಡೆದುಹಾಕಿ. ಅಧಿಕಾರಿ ತನಗೆ ಅನುಕೂಲವಾದ ವರ್ಷವನ್ನೂ ತಾಲ್ಲೂಕನ್ನೂ ಆರಿಸಿಕೊಳ್ಳುವುದು ಅಲ್ಲಿಯೇ.

ನಾಲ್ಕು ಭಾಗ ಸಾಕು. ಆಸೆಬುರುಕತನದಿಂದ ಹತ್ತು ವರ್ಷದ, ಇಡೀ ರಾಜ್ಯದ ಲೆಕ್ಕ ಕೇಳಿದರೆ "ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ" ಎಂದು ಜಾರಿಕೊಳ್ಳಲು ನೀವೇ ದಾರಿ ಮಾಡಿಕೊಟ್ಟಂತೆ.

ಯಾವ ತಪ್ಪಿಗೆ ಪ್ರಶ್ನೆ ತಿರಸ್ಕಾರ ಆಗುತ್ತೆ?

ಲೋಕಸಭೆಯ 41ನೇ ನಿಯಮ ಇದನ್ನು ಪಟ್ಟಿ ಮಾಡಿದೆ, ರಾಜ್ಯದ ನಿಯಮಗಳೂ ಬಹುಮಟ್ಟಿಗೆ ಅದೇ ಜಾಡಿನಲ್ಲಿವೆ. ವಾದ, ಊಹೆ, ವ್ಯಂಗ್ಯ, ಆರೋಪ ಇರಬಾರದು. ಅಭಿಪ್ರಾಯ ಕೇಳಬಾರದು. ನ್ಯಾಯಾಲಯದಲ್ಲಿರುವ ವಿಷಯ ಬೇಡ. ಆಗಲೇ ಉತ್ತರಿಸಿದ್ದನ್ನೇ ಮತ್ತೆ ಕೇಳುವಂತಿಲ್ಲ. ಸುಲಭವಾಗಿ ಸಿಗುವ ಪ್ರಕಟಣೆಗಳಲ್ಲಿರುವ ಮಾಹಿತಿಯನ್ನೂ ಕೇಳುವಂತಿಲ್ಲ. 150 ಪದ ಮೀರಬಾರದು.

ನಮ್ಮ ಕಡೆ ಹೆಚ್ಚು ಬೀಳುವುದು ನ್ಯಾಯಾಲಯದ ಕಾರಣಕ್ಕೆ, ಅದರಲ್ಲೂ ಅರಣ್ಯ ಒತ್ತುವರಿ, ಡೀಮ್ಡ್ ಅರಣ್ಯದ (ಅಧಿಸೂಚನೆಯಾಗದಿದ್ದರೂ ಅರಣ್ಯವೆಂದು ಪರಿಗಣಿಸಿದ ಜಾಗದ) ಪ್ರಶ್ನೆಗಳು. ಪ್ರಕರಣದ ಸರಿತಪ್ಪನ್ನು ಬಿಟ್ಟು, ಎಷ್ಟು ನೋಟಿಸ್ ಕೊಟ್ಟಿದ್ದೀರಿ, ಜಂಟಿ ಸಮೀಕ್ಷೆ ಎಷ್ಟು ಗ್ರಾಮಗಳಲ್ಲಿ ಮುಗಿದಿದೆ ಎಂದು ಕೇಳಿದರೆ ಉಳಿಯುವ ಸಾಧ್ಯತೆ ಹೆಚ್ಚು.

ಅಧಿವೇಶನ ಶುರುವಾದ ಮೇಲೆ ಕೊಟ್ಟರೆ ಆಗಲ್ವಾ?

ಬಹುಪಾಲು ತಡವಾಗಿರುತ್ತದೆ. ಸಂಸತ್ತಿನಲ್ಲಿ ಉತ್ತರದ ದಿನಕ್ಕೆ ಪೂರ್ತಿ 15 ದಿನ ಮೊದಲು ಸೂಚನೆ ತಲುಪಬೇಕು. ರಾಜ್ಯದಲ್ಲೂ ಸುಮಾರು ಎರಡು ವಾರದ ಲೆಕ್ಕ ಇಟ್ಟುಕೊಳ್ಳಿ. ಇಲಾಖೆಗಳನ್ನು ಗುಂಪು ಮಾಡಿ ಒಂದೊಂದಕ್ಕೆ ವಾರದ ಒಂದೊಂದು ದಿನ ಹಂಚಿರುತ್ತಾರೆ, ಅರಣ್ಯದ ಪ್ರಶ್ನೆಗೆ ಅರಣ್ಯದ ದಿನವೇ ಉತ್ತರ. ಅಧಿವೇಶನ ಕರೆದ ಸುದ್ದಿ ಬಂದ ದಿನವೇ ಕರಡು ಶಾಸಕರ ಕಚೇರಿಯಲ್ಲಿರಬೇಕು. ವರ್ಷಕ್ಕೆ 60 ದಿನವಾದರೂ ಸದನ ನಡೆಯಬೇಕೆಂದು ಕರ್ನಾಟಕ 2005ರಲ್ಲಿ ಕಾಯ್ದೆಯನ್ನೇ ಮಾಡಿಕೊಂಡಿದೆ. ಅಷ್ಟು ದಿನ ನಡೆಯುವುದು ಅಪರೂಪ, ಆದ್ದರಿಂದ ಒಂದು ಅವಕಾಶ ತಪ್ಪಿದರೆ ಬೆಳಗಾವಿ ಅಧಿವೇಶನದವರೆಗೂ ಕಾಯಬೇಕಾಗಬಹುದು.

## ಉತ್ತರ ಬಂದ ಮೇಲೆ

ಉತ್ತರವನ್ನ ಮಂತ್ರಿಗಳೇ ಬರೀತಾರಾ?

ಸಹಿ ಅವರದ್ದು. ಪ್ರಶ್ನೆ ವಿಧಾನಸಭೆ ಸಚಿವಾಲಯದಿಂದ ಇಲಾಖೆಗೆ, ಅಲ್ಲಿಂದ ಇಲಾಖಾ ಮುಖ್ಯಸ್ಥರಿಗೆ, ಆಮೇಲೆ ಜಿಲ್ಲೆಗೆ, ಕೊನೆಗೆ ವಲಯ ಅರಣ್ಯಾಧಿಕಾರಿ ಅಥವಾ ತಹಶೀಲ್ದಾರರ ಮೇಜಿಗೆ "ಅತಿ ಜರೂರು" ಮುದ್ರೆಯೊಂದಿಗೆ ಇಳಿಯುತ್ತದೆ. ಕಚೇರಿಯವರ ಬಾಯಲ್ಲಿ ಇದು ಎಲ್‌ಎಕ್ಯೂ, ಪರಿಷತ್ತಿನದಾದರೆ ಎಲ್‌ಸಿಕ್ಯೂ. ಸಾಮಾನ್ಯ ಅರ್ಜಿ ತಿಂಗಳುಗಟ್ಟಲೆ ಮಲಗುವ ಕಡೆ ಎಲ್‌ಎಕ್ಯೂ ಬಂದ ದಿನ ಕಡತ ಎದ್ದು ಕೂರುತ್ತದೆ. ಪ್ರಶ್ನೆ ಹಾಕಿದ ಮೇಲೆ, ಉತ್ತರ ಬರುವ ಮೊದಲೇ ಬಾಕಿ ಪರಿಹಾರ ಪಾವತಿಯಾಗಿಬಿಡುವುದೂ ಉಂಟು: ಬಾಕಿಯ ಕಾಲಂ ಚಿಕ್ಕದಾಗಿ ಕಾಣಲಿ ಎಂದು.

ತಪ್ಪುಗಳು ಹುಟ್ಟುವುದೂ ಈ ಅವಸರದಲ್ಲೇ. ಒಂದು ವಲಯ ಹಣಕಾಸು ವರ್ಷದ ಲೆಕ್ಕ ಕಳಿಸಿದರೆ ಇನ್ನೊಂದು ಕ್ಯಾಲೆಂಡರ್ ವರ್ಷದ್ದು ಕಳಿಸುತ್ತದೆ. ಮತ್ತೊಂದು ಕಡೆಯಿಂದ "ಶೂನ್ಯ" ಎಂದು ಬರುತ್ತದೆ. ಮೇಲಿನವರು ಕೂಡಿಸಿ ಕಳಿಸುತ್ತಾರೆ. ಹಾಗಾಗಿ ಒಟ್ಟು ಮೊತ್ತಕ್ಕಿಂತ ಮೊದಲು ಅನುಬಂಧ ಓದಿ.

"ಉದ್ಭವಿಸುವುದಿಲ್ಲ" ಅಂತ ಬಂದಿದೆ. ಹಾಗಂದ್ರೇನು?

ಹಿಂದಿನ ಭಾಗಕ್ಕೆ "ಇಲ್ಲ" ಎಂದು ಉತ್ತರಿಸಿ, ಅದನ್ನು ಅವಲಂಬಿಸಿದ ಮುಂದಿನ ಭಾಗಗಳನ್ನೆಲ್ಲ ಒಂದೇ ಏಟಿಗೆ ಮುಗಿಸುವ ಪದ ಇದು. ತಪ್ಪು ಹೆಚ್ಚಾಗಿ ಕೇಳುವವರದ್ದೇ. "ಸರ್ಕಾರದ ಗಮನಕ್ಕೆ ಬಂದಿದೆಯೇ?" ಎಂದು ಶುರುಮಾಡಿ, ಆಮೇಲೆ "ಹಾಗಿದ್ದಲ್ಲಿ" ಎಂದು ಪೋಣಿಸಿದರೆ "ಬಂದಿಲ್ಲ, ಉದ್ಭವಿಸುವುದಿಲ್ಲ" ಎಂದು ಬಾಗಿಲು ಹಾಕುತ್ತಾರೆ. ಪ್ರತಿ ಭಾಗವೂ ತನ್ನ ಕಾಲ ಮೇಲೆ ನಿಲ್ಲುವಂತೆ ಬರೆದರೆ ಈ ಪದಕ್ಕೆ ಜಾಗವೇ ಇರುವುದಿಲ್ಲ.

"ಅನುದಾನದ ಲಭ್ಯತೆಗೆ ಅನುಗುಣವಾಗಿ" ಎಂದರೆ ಈ ವರ್ಷ ದುಡ್ಡಿಟ್ಟಿಲ್ಲ. "ಪ್ರಸ್ತಾವನೆ ಸ್ವೀಕೃತವಾಗಿರುವುದಿಲ್ಲ" ಎಂದರೆ ಜಿಲ್ಲೆಯಿಂದಲೇ ಹೋಗಿಲ್ಲ, ತರಾಟೆಗೆ ತೆಗೆದುಕೊಳ್ಳಬೇಕಾದವರು ಹತ್ತಿರದಲ್ಲೇ ಇದ್ದಾರೆ. "ಟೆಂಡರ್ ಪ್ರಕ್ರಿಯೆಯಲ್ಲಿದೆ" ಎಂದಿದ್ದರೆ ಅಧಿಸೂಚನೆಯ ದಿನಾಂಕ ಕೊಟ್ಟಿದ್ದಾರಾ ನೋಡಿ, ಕೊಟ್ಟಿಲ್ಲವಾದರೆ ಅನುಮಾನಪಡಿ.

ಉಪಪ್ರಶ್ನೆಯಲ್ಲಿ ಏನು ಕೇಳಬೇಕು?

ಒಂದೇ ವಿಷಯ, ಒಂದೇ ವಾಕ್ಯ. ಲೋಕಸಭೆಯಲ್ಲಿ ಮೂಲ ಪ್ರಶ್ನೆ ಹಾಕಿದವರಿಗೆ ಸಾಮಾನ್ಯವಾಗಿ ಎರಡು ಉಪಪ್ರಶ್ನೆ ಸಿಗುತ್ತವೆ. ಹೆಚ್ಚಿನವರು ಮೂರು ನಿಮಿಷದ ಭಾಷಣ ಮಾಡಿ ಕೊನೆಗೆ ನಾಲ್ಕು ಪ್ರಶ್ನೆ ಗಂಟು ಹಾಕುತ್ತಾರೆ. ಸಚಿವರು ಅದರಲ್ಲಿ ಸುಲಭದ್ದನ್ನು ಎತ್ತಿಕೊಂಡು ಕೂತುಬಿಡುತ್ತಾರೆ. "ಅನುಬಂಧದ 3ನೇ ಕಾಲಂನಲ್ಲಿ 90 ದಿನ ಮೀರಿದ ಅರ್ಜಿಗಳಿವೆ. ಮಾರ್ಚ್ ಒಳಗೆ ಪಾವತಿ ಮಾಡುತ್ತೀರಾ, ಇಲ್ಲವಾ?" ಎಂದು ಕೇಳಿ ಕೂತರೆ ಸಚಿವರು ದಿನಾಂಕ ಹೇಳಲೇಬೇಕಾಗುತ್ತದೆ.

ಒಂದು ಪ್ರಶ್ನೆ ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ 1957ರ ಮುಂಧ್ರಾ ಪ್ರಕರಣವಿದೆ. ಜೀವ ವಿಮಾ ನಿಗಮ ಮುಂಧ್ರಾ ಎಂಬ ಉದ್ಯಮಿಯ ಕಂಪನಿಗಳ ಷೇರು ಕೊಂಡದ್ದರ ಬಗ್ಗೆ ಲೋಕಸಭೆಯಲ್ಲಿ ಎದ್ದ ಪ್ರಶ್ನೆ, ಅದನ್ನು ಹಿಡಿದು ಸಂಸದ ಫಿರೋಜ್ ಗಾಂಧಿ ಮಾಡಿದ ಭಾಷಣ, ಆಮೇಲೆ ಛಾಗ್ಲಾ ಆಯೋಗದ ವಿಚಾರಣೆ. 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಫಿರೋಜ್ ಗಾಂಧಿ ಆಡಳಿತ ಪಕ್ಷದವರೇ ಆಗಿದ್ದರು.

## ಇನ್ನೂ ಒಳಕ್ಕೆ

"ಪರಿಶೀಲಿಸಲಾಗುವುದು" ಅಂದು ಎರಡು ವರ್ಷ ಆಯ್ತು. ಈಗೇನು?

ಸದನದಲ್ಲಿ ಸಚಿವರು ಆಡಿದ ಅಂಥ ಮಾತು ಭರವಸೆಯೆಂದು ದಾಖಲಾಗುತ್ತದೆ. "ಪರಿಶೀಲನೆಯಲ್ಲಿದೆ", "ಮಾಹಿತಿ ಸಂಗ್ರಹಿಸಿ ಸದನದಲ್ಲಿ ಮಂಡಿಸಲಾಗುವುದು" ಎಂಬಂಥವೂ ಆ ಲೆಕ್ಕಕ್ಕೇ ಸೇರುತ್ತವೆ. ಇವನ್ನು ಬೆನ್ನತ್ತಲು ಸರ್ಕಾರಿ ಭರವಸೆಗಳ ಸಮಿತಿ ಇದೆ. ಲೋಕಸಭೆಯಲ್ಲಿ 1953ರಿಂದಲೂ ಇದೆ, 15 ಸದಸ್ಯರು. ಅಲ್ಲಿ ಭರವಸೆ ಈಡೇರಿಸಲು ಮೂರು ತಿಂಗಳ ಗಡುವು, ಆಗದಿದ್ದರೆ ಸಚಿವಾಲಯ ಕಾಲಾವಕಾಶ ಕೇಳಬೇಕು. ನಮ್ಮ ವಿಧಾನಮಂಡಲದಲ್ಲೂ ಇಂಥ ಸಮಿತಿಯಿದೆ, ಅಧಿಕಾರಿಗಳನ್ನು ಕರೆಸಿ ಕೇಳುತ್ತದೆ.

ಪ್ರಶ್ನೆ ಸಂಖ್ಯೆ, ಉತ್ತರದ ದಿನಾಂಕ, ಭರವಸೆಯ ಸಾಲು ಮೂರನ್ನೂ ಬರೆದು ಶಾಸಕರ ಮೂಲಕ ಸಮಿತಿಗೆ ಕಳಿಸಿ. ಬಹಳ ಜನ ಇದನ್ನು ಮಾಡುವುದೇ ಇಲ್ಲ. ಅದರ ಬದಲು ಹೊಸ ಮನವಿ ಬರೆಯುತ್ತಾರೆ.

ಕೊಟ್ಟ ಉತ್ತರವೇ ಸುಳ್ಳಾಗಿದ್ದರೆ?

ಮೊದಲು ಸುಳ್ಳನ್ನು ಕಾಗದದಿಂದ ಸಾಬೀತುಮಾಡಿ: ಮುಗಿದಿದೆ ಎಂದ ಬೇಲಿಯ ಫೋಟೊ, ಅಳತೆ, ಪಂಚಾಯಿತಿ ನಿರ್ಣಯ. ಲೋಕಸಭೆಯಲ್ಲಿ ಸ್ಪೀಕರ್ ಅವರ ನಿರ್ದೇಶನ 115ರ ಪ್ರಕಾರ ಸದಸ್ಯರು ಸಚಿವರ ಹೇಳಿಕೆಯಲ್ಲಿನ ತಪ್ಪನ್ನು ಎತ್ತಿ ತೋರಿಸಬಹುದು, ಸಚಿವರು ತಾವಾಗಿಯೂ ತಿದ್ದುಪಡಿ ಹೇಳಿಕೆ ಮಂಡಿಸಬಹುದು. ಉತ್ತರ ಅಸ್ಪಷ್ಟವಾಗಿದ್ದರೆ 55ನೇ ನಿಯಮದಡಿ ಅರ್ಧ ಗಂಟೆಯ ಚರ್ಚೆ ಕೇಳಬಹುದು. ಹಕ್ಕುಚ್ಯುತಿ (ಸದನದ ಹಕ್ಕಿಗೆ ಧಕ್ಕೆ ತಂದರೆಂಬ ದೂರು) ಕೊನೆಯ ಅಸ್ತ್ರ. ಬೇಕೆಂದೇ ದಾರಿ ತಪ್ಪಿಸಿದರೆಂದು ತೋರಿಸಬೇಕು, ಬರೀ ತಪ್ಪಾದರೆ ಸಾಲದು. ಮಾತುಮಾತಿಗೂ ಹಕ್ಕುಚ್ಯುತಿ ಎನ್ನುವವರ ಸೂಚನೆ ಬಿದ್ದುಹೋಗುವುದು ಇದರಿಂದಲೇ.

ಇಂದಿರಾ ಗಾಂಧಿ ಚಿಕ್ಕಮಗಳೂರಿನಿಂದ ಗೆದ್ದರೂ ಎಂಪಿ ಸ್ಥಾನ ಹೋಯ್ತಲ್ಲ. ಅದಕ್ಕೂ ಪ್ರಶ್ನೆಗೂ ಸಂಬಂಧ ಇತ್ತಂತೆ?

ನೇರ ಸಂಬಂಧ ಇತ್ತು. 1975ರಲ್ಲಿ ಇಂದಿರಾ ಅವರ ಮಗ ಸಂಜಯ್ ಗಾಂಧಿಯ ಕಾರು ಕಂಪನಿ ಮಾರುತಿ ಲಿಮಿಟೆಡ್ ಬಗ್ಗೆ ಲೋಕಸಭೆಯಲ್ಲಿ ಬಂದ ಪ್ರಶ್ನೆಗೆ ಉತ್ತರ ಸಿದ್ಧಪಡಿಸಲು ನಾಲ್ವರು ಅಧಿಕಾರಿಗಳು ಮಾಹಿತಿ ಸಂಗ್ರಹಿಸುತ್ತಿದ್ದರು. ಆ ಅಧಿಕಾರಿಗಳಿಗೆ ಆಗ ಪ್ರಧಾನಿಯಾಗಿದ್ದ ಇಂದಿರಾ ಅಡ್ಡಿಪಡಿಸಿ ಕಿರುಕುಳ ಕೊಡಿಸಿದರು ಎಂಬ ದೂರು ಜನತಾ ಸರ್ಕಾರದ ಕಾಲದಲ್ಲಿ ಹಕ್ಕುಬಾಧ್ಯತಾ ಸಮಿತಿಗೆ ಹೋಯಿತು. 1978ರ ನವೆಂಬರ್‌ನಲ್ಲಿ ಡಿ.ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ಇಂದಿರಾ ಗೆದ್ದರು. ಡಿಸೆಂಬರ್ 19ರಂದು ಲೋಕಸಭೆ ಅವರನ್ನು ಉಚ್ಚಾಟಿಸಿ, ಅಧಿವೇಶನ ಮುಗಿಯುವವರೆಗೆ ಜೈಲಿಗೂ ಕಳಿಸಿತು. 1981ರ ಮೇ ತಿಂಗಳಲ್ಲಿ ಮುಂದಿನ ಲೋಕಸಭೆ ಆ ನಿರ್ಣಯವನ್ನು ರದ್ದುಮಾಡಿತು.

ಅದರಲ್ಲಿ ಸೇಡಿನ ರಾಜಕಾರಣವೂ ಇತ್ತು ಎನ್ನುವವರಿದ್ದಾರೆ, ಆ ಮಾತನ್ನು ತಳ್ಳಿಹಾಕಲಾಗದು. ಆದರೆ ತತ್ವ ಉಳಿದಿದೆ. ಸದನದ ಪ್ರಶ್ನೆಗೆ ಮಾಹಿತಿ ಕಲೆಹಾಕುವ ಗುಮಾಸ್ತನನ್ನು ಬೆದರಿಸಿದರೂ ಅದು ಸದನವನ್ನೇ ತಡೆದಂತೆ.

ದುಡ್ಡು ತಗೊಂಡು ಪ್ರಶ್ನೆ ಕೇಳ್ತಾರೆ ಅಂತಾರಲ್ಲ?

2005ರ ಡಿಸೆಂಬರ್‌ನಲ್ಲಿ ಅದೇ ಆರೋಪದ ಮೇಲೆ ಲೋಕಸಭೆಯ 10 ಮತ್ತು ರಾಜ್ಯಸಭೆಯ ಒಬ್ಬ ಸದಸ್ಯರನ್ನು ಉಚ್ಚಾಟಿಸಲಾಯಿತು. ನಿಮ್ಮ ಸಂಘ ಕರಡು ಬರೆದುಕೊಡುವುದರಲ್ಲಿ ತಪ್ಪೇನಿಲ್ಲ. ಅದರ ಜೊತೆ ಪ್ರಯಾಣ ಖರ್ಚು, ಉಡುಗೊರೆ, ಚಂದಾ ಯಾವುದೂ ಸೇರಬಾರದು.

ಆರ್‌ಟಿಐ ಇರುವಾಗ ಇಷ್ಟೆಲ್ಲ ಯಾಕೆ?

ಎರಡೂ ಬೇಕು, ಸರದಿ ಮುಖ್ಯ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, 30 ದಿನ, ಉತ್ತರಿಸುವವರು ಕಚೇರಿಯ ಮಾಹಿತಿ ಅಧಿಕಾರಿ. ಅವರು ಇರುವ ಕಾಗದ ಕೊಡುತ್ತಾರೆ, "ಯಾವಾಗ ಮಾಡ್ತೀರಿ" ಎಂದರೆ ಉತ್ತರಿಸಬೇಕಿಲ್ಲ. ಅದಕ್ಕೆ ಸಚಿವರೇ ಬೇಕು. ಮೊದಲು ಆರ್‌ಟಿಐನಲ್ಲಿ ತಾಲ್ಲೂಕಿನ ದಾಖಲೆ ತೆಗೆಯಿರಿ, ಅದರ ಮೇಲೆ ಪ್ರಶ್ನೆ ಹಾಕಿಸಿ, ಉತ್ತರ ಬಂದ ಮೇಲೆ ಅನುಬಂಧಕ್ಕೆ ಆಧಾರವಾದ ಕಡತದ ಪ್ರತಿಗೆ ಇನ್ನೊಂದು ಅರ್ಜಿ ಹಾಕಿ. ಹಳೆಯ ಉತ್ತರಗಳು ಸಂಸತ್ತಿನ ಮತ್ತು ವಿಧಾನಮಂಡಲದ ಜಾಲತಾಣಗಳಲ್ಲಿ ಸದಸ್ಯರ ಹೆಸರು, ದಿನಾಂಕದಡಿ ಪುಕ್ಕಟೆ ಸಿಗುತ್ತವೆ. ಕನ್ನಡದ ಉತ್ತರಗಳು ಬಹಳಷ್ಟು ಸ್ಕ್ಯಾನ್ ಮಾಡಿದ ಪುಟಗಳಾದ್ದರಿಂದ ಪದ ಹುಡುಕಿದರೆ ಸಿಗಲಾರವು, ಅರಣ್ಯ ಇಲಾಖೆ ಉತ್ತರಿಸಿದ ದಿನಾಂಕಗಳನ್ನು ಗುರುತು ಹಾಕಿಕೊಂಡು ಒಂದೊಂದಾಗಿ ತೆರೆದು ನೋಡಬೇಕು.